ಹೊಸ್ತಿಲಿನಿಂದ ಕಾಣುವ ಮಾರ್ಕೆಟ್ ಚೌಕ

ನಮ್ಮ ನಡುಮನೆಯ ಗೋಡೆಯ ಮೇಲೆ ಸಿಟಿ ಮಾರ್ಕೆಟ್ ಚೌಕದ ಚಿತ್ರವೊಂದಿದೆ. ಎಣ್ಣೆಬಣ್ಣದ್ದು, ಎರಡು ಮೊಳ ಅಗಲ. ಮನೆಗೆ ಬಂದವರು ಅದರ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ, "ಇದು ಮಳೇಲಿ ನೆಂದಿತ್ತಾ ಆಂಟಿ?" ಎಂದು ಕೇಳುತ್ತಾರೆ. ಹತ್ತಿರದಿಂದ ನೋಡಿದರೆ ಅಲ್ಲಿ ಏನೂ ಇಲ್ಲ. ಬೂದಿ, ನೀಲಿ, ಅರಿಶಿನ, ಇಟ್ಟಿಗೆ ಬಣ್ಣದ ಮುದ್ದೆಗಳು ಅಷ್ಟೇ. ಕೆಳಗೆ ಎಡಗಡೆ ಒಂದು ಕುಂಕುಮದ ಬೊಟ್ಟಿದೆ, ಅದನ್ನು ಚಿತ್ರ ಬರೆದವರು ಇಟ್ಟದ್ದಲ್ಲ. ಬಲಮೂಲೆಯಲ್ಲಿ, ಸಹಿ ಇರಬೇಕಾದ ಜಾಗದಲ್ಲಿ, ಒಂದು ಹೆಬ್ಬೆಟ್ಟಿನ ಗುರುತಿದೆ. ಅದು ನನ್ನದು. ಈ ಎರಡೂ ಅಲ್ಲಿಗೆ ಹೇಗೆ ಬಂದವು ಎಂದು ಹೇಳಬೇಕಾದರೆ ನನ್ನದೇ ಒಂದು ಕೆಟ್ಟ ಗುಣದಿಂದ ಶುರುಮಾಡಬೇಕು.

ನನಗೆ ಅನುಮಾನ ಜಾಸ್ತಿ. ಹುಟ್ಟಿನಿಂದಲೇ ಇತ್ತೋ ಏನೋ ಗೊತ್ತಿಲ್ಲ, ಆದರೆ ಅದು ಬಲಿತದ್ದು ಯಾವಾಗ ಎಂದು ಗೊತ್ತಿದೆ. ಬಿಳೇಕಹಳ್ಳಿಯಲ್ಲಿ ನಮ್ಮದು ತರಕಾರಿ ಬೆಳೆಯುತ್ತಿದ್ದ ಮನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಷರಟು, ಕಂಕುಳಲ್ಲಿ ಫೈಲು, ಬಾಯ್ತುಂಬ "ಅಮ್ಮ, ಅಮ್ಮ" ಎಂಬ ಮಾತು. ಅಮ್ಮ ಕಾಫಿ ಮಾಡಿಕೊಟ್ಟಳು. ಅವನು ಕುಡಿದು, ಚೆನ್ನಾಗಿದೆ ಎಂದು ಹೊಗಳಿ, "ಇದು ಬರೀ ರಸೀದಿ ಅಮ್ಮ" ಎನ್ನುತ್ತ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಅದು ರಸೀದಿಯಲ್ಲ, ಹಿತ್ತಲ ಹೊಲದ ಕ್ರಯಪತ್ರ ಎಂದು ನಮಗೆ ತಿಳಿಯುವಷ್ಟರಲ್ಲಿ ಅಲ್ಲಿ ಯಾರದೋ ಮನೆಯ ಪಾಯ ಎದ್ದಿತ್ತು. ಉಳಿದ ಹೊಲ ಲೇಔಟಿಗೆ ಹೋಯಿತು. ಕೊನೆಗೆ ನಮಗೆಂದು ಉಳಿದದ್ದು ವಾಸದ ಮನೆ ಮತ್ತು ಕೆರೆಯಂಚಿನ ಇಪ್ಪತ್ತು ಗುಂಟೆ. ಆ ಇಪ್ಪತ್ತು ಗುಂಟೆಯ ಮೇಲೂ ಚಿಕ್ಕಪ್ಪನ ಕಣ್ಣಿತ್ತು.

ಹೆಬ್ಬೆಟ್ಟಿನ ಆ ಸಿಟ್ಟಿಗೇ ನಾನು ಟೈಪಿಂಗ್ ಕಲಿತೆ ಎಂದರೂ ಸರಿ. ತೊಂಬತ್ತರ ದಶಕದಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ನೋಟರಿಯೊಬ್ಬರ ಬಳಿ ಟೈಪಿಸ್ಟಾಗಿದ್ದೆ. ದಿನವಿಡೀ ಕ್ರಯಪತ್ರ, ಅಫಿಡವಿಟ್, ವಂಶವೃಕ್ಷ. ವಂಶವೃಕ್ಷ ಎಂದರೆ ಸತ್ತವನಿಗೆ ಯಾರು ಯಾರು ವಾರಸುದಾರರು ಎಂಬ ಪಟ್ಟಿ. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಜಮೀನಿಗೆ ಬೆಲೆ ಬಂದ ಕಾಲ ಅದು. ಯಾವುದಾದರೂ ಮನೆಯ ಸತ್ತ ಯಜಮಾನನ ಬಗ್ಗೆ ಹೊರಗಿನವನೊಬ್ಬ ವಿಪರೀತ ಆಸಕ್ತಿ ತೋರಿಸಿದನೆಂದರೆ ಮೂರು ತಿಂಗಳಲ್ಲಿ ಆ ಮನೆಯ ಮೇಲೊಂದು ಕೇಸು ಬಿತ್ತೆಂದೇ ಲೆಕ್ಕ. ಸತ್ತವರಿಗೆ ನಾನು ಹೆದರಿದವಳಲ್ಲ, ಸತ್ತವರ ಬಗ್ಗೆ ವಿಚಾರಿಸುವವರಿಗೆ ಹೆದರುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡುಗಳನ್ನೂ ಹೀಗೆಯೇ ತಿರುಗಿಸಿ ಮುರುಗಿಸಿ ವಿಚಾರಣೆ ಮಾಡಿ ಓಡಿಸಿದ್ದೇನೆ. ಅದಕ್ಕೆ ಬೇಜಾರಿಲ್ಲ. ಬೇಜಾರಿರುವುದು ಬೇರೆಯದಕ್ಕೆ.

ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ. ಅವರ ಮುಖ ನನಗೆ ನೆನಪಿಲ್ಲ, ನೋಡೋಣವೆಂದರೆ ಒಂದು ಫೋಟೋ ಕೂಡ ಇರಲಿಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದರಂತೆ. ತೆಗೆಸದೆಯೂ ಆಯಸ್ಸು ಕಡಿಮೆಯೇ ಆಯಿತು.

ಇದು ಅಮ್ಮನನ್ನು ವರ್ಷಕ್ಕೊಂದು ದಿನ ಚೆನ್ನಾಗಿ ಕಾಡುತ್ತಿತ್ತು. ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದವರಿಗೆ ಹೊಸ ಬಟ್ಟೆ, ಬಾಡಿನ ಸಾರು, ಮುದ್ದೆ, ಕಜ್ಜಾಯ, ಅವರು ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಎಲ್ಲವನ್ನೂ ಬಾಳೆಎಲೆಯ ಮೇಲೆ ಎಡೆ ಇಡುತ್ತೇವೆ. ದೀಪ ಹಚ್ಚಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ನಿಲ್ಲಬೇಕು, ಹಿರಿಯರು ಬಂದು ನೆಮ್ಮದಿಯಾಗಿ ಊಟ ಮಾಡಲಿ ಎಂದು. ಆಮೇಲೆ ಮನೆಯ ಹಿರಿತಲೆ ಒಮ್ಮೆ ಕೆಮ್ಮಿ ಬಾಗಿಲು ತೆಗೆಯುತ್ತದೆ. ಕೆಮ್ಮದೆ ತೆಗೆದರೆ ಊಟಕ್ಕೆ ಕೂತವರಿಗೆ ನಾಚಿಕೆಯಾಗುತ್ತದಂತೆ. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದು. ನಾನು ಮುಂಬಾಗಿಲ ಜಗಲಿಯಲ್ಲಿ ಕಾಯುತ್ತಿದ್ದೆ, ಅವಳು ಹಿತ್ತಲಿಗೆ ಹೋಗಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬರುತ್ತಿದ್ದಳು.

ಎಲ್ಲರ ಮನೆಯಲ್ಲೂ ಎಡೆಯ ಮುಂದೆ ಕಟ್ಟು ಹಾಕಿದ ಫೋಟೋ ಇರುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಕಲಶ, ಅದರ ಪಕ್ಕದಲ್ಲಿ ಮಡಿಸಿಟ್ಟ ಪಂಚೆ. "ಪಂಚೆಗೆ ಕುಂಕುಮ ಇಡ್ತೀನಿ ಕಣಮ್ಮ ನಾನು, ಪಂಚೆಗೆ" ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಚಿಕ್ಕಪ್ಪ ಒಮ್ಮೆ ಉಪಾಯ ಹೇಳಿದರು. ಅವರದೂ ಅಪ್ಪನದೂ ಒಂದೇ ಮುಖಚಹರೆಯಂತೆ. ಅವರ ಫೋಟೋಗೆ ಸ್ಟುಡಿಯೋದವರಿಂದ ರುಮಾಲು ಬರೆಸಿ ದೊಡ್ಡದು ಮಾಡಿಸಿದರೆ ಅಣ್ಣನ ಫೋಟೋ ಆಗುತ್ತದಂತೆ. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಮಾಡಿಸಿದ್ದರು. ಅಮ್ಮ ಅವರೆದುರು ಸುಮ್ಮನಿದ್ದು, ಅವರು ಹೋದ ಮೇಲೆ, "ಬದುಕಿರೋ ಮೈದುನನ ಮುಖಕ್ಕೆ ಹಾರ ಹಾಕಿ, ನನ್ನ ಗಂಡ ಅಂತ ಕೈ ಮುಗೀಲಾ? ಅವನಿಗೇನ್ ಬುದ್ಧಿ ಇಲ್ವಾ?" ಎಂದು ಪಾತ್ರೆ ಕುಕ್ಕಿದಳು. ಅವಳಿಗೆ ಬೇಕಾಗಿದ್ದದ್ದು ಅಪ್ಪನ ಚಿತ್ರ. ಅಪ್ಪನ ಹಾಗಿರುವ ಇನ್ನೊಬ್ಬರದಲ್ಲ.

ನಮ್ಮ ಮಹಡಿಯ ಮೇಲೆ ಶೀಟಿನ ರೂಮೊಂದಿತ್ತು. ಅದಕ್ಕೆ ಬಾಡಿಗೆಗೆ ಬಂದವರೇ ಡ್ರಾಯಿಂಗ್ ಮೇಷ್ಟ್ರು. ವಿಜಾಪುರದ ಕಡೆಯವರು, ನಲವತ್ತರ ಹತ್ತಿರದ ವಯಸ್ಸು, ಒಂಟಿ. ಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ. ಅವರನ್ನು ಕರೆದುಕೊಂಡು ಬಂದದ್ದು ಚಿಕ್ಕಪ್ಪ, ನನ್ನ ಮೊದಲ ಅನುಮಾನಕ್ಕೆ ಅಷ್ಟೇ ಸಾಕಾಯಿತು. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ನಾನೇ ಟೈಪ್ ಮಾಡಿದೆ. ಊರಿನ ವಿಳಾಸ, ತಂದೆಯ ಹೆಸರು, ತಾಲ್ಲೂಕು, ಏನನ್ನೂ ಬಿಡಲಿಲ್ಲ. ಅವರು ಓದದೆಯೇ ಸಹಿ ಹಾಕಿದರು. ಓದದೆ ಸಹಿ ಹಾಕುವವನು ಒಂದೋ ದಡ್ಡ, ಇಲ್ಲವೇ ಕಳ್ಳ ಎಂಬುದು ನನ್ನ ಅನುಭವವಾಗಿತ್ತು. ಮೇಷ್ಟ್ರು ದಡ್ಡರ ಹಾಗೆ ಕಾಣಲಿಲ್ಲ.

ಬಂದ ವಾರಕ್ಕೇ ಮೆಟ್ಟಿಲ ತುಂಬ ಟರ್ಪೆಂಟೈನ್ ವಾಸನೆ. ಅಮ್ಮನಿಗೆ ಅದು ವಾಸನೆಯಾಗಿ ಕಾಣಲಿಲ್ಲ, ಭರವಸೆಯಾಗಿ ಕಂಡಿತು. ಒಂದು ಭಾನುವಾರ ಅವರನ್ನು ಕೂರಿಸಿ ಕೇಳಿಯೇಬಿಟ್ಟಳು.

"ಮೇಷ್ಟ್ರೇ, ನಮ್ಮ ಯಜಮಾನರದ್ದು ಒಂದು ಚಿತ್ರ ಬರ್ಕೊಡಿ. ನಾನ್ ಹೇಳ್ತೀನಿ, ನೀವ್ ಬರೀರಿ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ನೋಡಲಾರದ ಮುಖಾ ಹ್ಯಾಂಗ ತೆಗೀಲ್ರಿ ಅವ್ವಾರ? ನೀವು ಹೇಳಿದ್ದು ಒಂದು, ನಾ ತೆಗದಿದ್ದು ಇನ್ನೊಂದು ಆಗ್ತದ. ಮತ್ತ ನಾ ಮುಖಾ ತೆಗಿಯಾವ ಅಲ್ರಿ."

"ಮುಖ ಬರೆಯೋಕೆ ಬರಲ್ವಾ?" ಎಂದು ನಾನು ಕೇಳಿದೆ.

"ಬರ್ತದ್ರಿ ಅಕ್ಕಾರ. ತೆಗಿಯೂದಿಲ್ಲ ಅಷ್ಟ."

ಮುಖ ಬರೆಯದ ಡ್ರಾಯಿಂಗ್ ಮೇಷ್ಟ್ರನ್ನು ಯಾರಾದರೂ ಕಂಡಿದ್ದೀರಾ? ನಾನು ಮಾರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅವರ ಶಾಲೆಯ ಗೇಟಿನ ಹತ್ತಿರ ಹೋಗಿ ವಾಚ್‌ಮನ್‌ನನ್ನು ವಿಚಾರಿಸಿದೆ. ಹೌದು, ಇಲ್ಲೇ ಇದ್ದಾರೆ, ಒಳ್ಳೆಯವರು ಎಂದ. ಒಳ್ಳೆಯವರು ಎಂದದ್ದರಿಂದ ನನ್ನ ಅನುಮಾನ ಕಡಿಮೆಯೇನೂ ಆಗಲಿಲ್ಲ.

ಅದು ಸಿಟಿ ಮಾರ್ಕೆಟ್ ಮೇಲೆ ಫ್ಲೈಓವರ್ ಬರುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ. ಚೌಕ ಮುಚ್ಚಿಹೋಗುವ ಮೊದಲು ಅದನ್ನು ಚಿತ್ರ ಮಾಡಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಈಗಿನ ಚೌಕವಲ್ಲ, ಎತ್ತಿನ ಗಾಡಿಗಳು ಬರುತ್ತಿದ್ದಾಗಿನದು. ಮಾರ್ಕೆಟ್ಟಿನ ಹಳೆಯ ಕಟ್ಟಡ, ಮಸೀದಿಯ ಮಿನಾರುಗಳು, ಆಚೆಗೆ ಕೋಟೆಯ ಗೋಡೆ, ಇವೆಲ್ಲದರ ಮೇಲೆ ಹೊತ್ತು ಮೂಡುವ ಮೊದಲಿನ ಬೆಳಕು. "ಆ ಬೆಳಕಿನ್ಯಾಗ ಯಾರದೂ ಮುಖಾ ಕಾಣಂಗಿಲ್ರಿ, ಮಂದಿ ಮಾತ್ರ ಕಾಣ್ತಾರ" ಎಂದಿದ್ದರು ಒಮ್ಮೆ. ಅಪ್ಪ ವಾರಕ್ಕೆ ಮೂರು ಸಲ ಆ ಚೌಕಕ್ಕೆ ಗಾಡಿ ಹೊಡೆಯುತ್ತಿದ್ದರೆಂದು ಅಮ್ಮ ಹೇಳಿದ್ದೇ ತಡ, ಮೇಷ್ಟ್ರು ಅವಳ ಬೆನ್ನು ಬಿಡಲಿಲ್ಲ. ಭಾನುವಾರ ಸಂಜೆ ಅಮ್ಮ ಮೆಟ್ಟಿಲ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರೆ ಅವರು ಕೆಳಗಿನ ಮೆಟ್ಟಿಲಲ್ಲಿ ಕೂತು ತಾವೂ ಸುಲಿಯುತ್ತ ಕೇಳುತ್ತಿದ್ದರು, ನಡುನಡುವೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟು ಎತ್ತರ? ಯಾವ ಕೈ? ಎತ್ತು ಯಾವ ಬಣ್ಣ? ಗಾಡಿ ಯಾವ ಮಂಡಿಯ ಮುಂದೆ ನಿಲ್ಲುತ್ತಿತ್ತು? ಇಪ್ಪತ್ತು ವರ್ಷಗಳಲ್ಲಿ ಅಮ್ಮನನ್ನು ಅಪ್ಪನ ಬಗ್ಗೆ ಇಷ್ಟು ಯಾರೂ ಕೇಳಿರಲಿಲ್ಲ. ಅವಳ ದನಿಯೇ ಬದಲಾಗಿತ್ತು. ನನಗೆ ಅವಳ ಸಂತೋಷ ಕಾಣಿಸಲಿಲ್ಲ, ಆ ಪುಸ್ತಕ ಕಾಣಿಸಿತು.

ಹೀಗೊಂದು ಭಾನುವಾರ ಅಮ್ಮ ಹಳೆಯ ಒಂದು ಕಥೆಯನ್ನೂ ಹೇಳಿದಳು. ನನಗೆ ಎರಡು ವರ್ಷವಿದ್ದಾಗ ಅಪ್ಪ ಒಂದೇ ಒಂದು ಸಲ ನನ್ನನ್ನು ಗಾಡಿಯಲ್ಲಿ ಮಾರ್ಕೆಟ್ಟಿಗೆ ಕರೆದೊಯ್ದಿದ್ದರಂತೆ. ಹಳದಿ ಲಂಗ ತೊಡಿಸಿ ಬದನೆಕಾಯಿ ಮೂಟೆಗಳ ಮೇಲೆ ಕೂರಿಸಿ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ನಂಬಿರಲಿಲ್ಲ. ಅಷ್ಟು ಚಿಕ್ಕ ಮಗುವನ್ನು ಆ ಚಳಿಯಲ್ಲಿ, ಆ ಗದ್ದಲಕ್ಕೆ ಯಾರು ಕರೆದೊಯ್ಯುತ್ತಾರೆ? ಅಪ್ಪನಿಲ್ಲದ ಮಗುವಿಗೆ ಸಮಾಧಾನಕ್ಕೆಂದು ಕಟ್ಟಿದ ಮಾತು ಎಂದೇ ತಿಳಿದಿದ್ದೆ.

ಒಂದು ದಿನ ಮೇಷ್ಟ್ರು ಪುಸ್ತಕವನ್ನು ಮೆಟ್ಟಿಲ ಮೇಲೆಯೇ ಬಿಟ್ಟು ನಲ್ಲಿಯಲ್ಲಿ ನೀರು ಬಂತೆಂದು ಬಿಂದಿಗೆ ಹಿಡಿದು ಹೋದರು. ನಾನು ತೆಗೆದು ನೋಡಿದೆ. ಚಿತ್ರ ಇರುತ್ತದೆ ಎಂದುಕೊಂಡಿದ್ದೆ, ಒಂದು ಗೆರೆಯೂ ಇರಲಿಲ್ಲ. ಬರೀ ಅಕ್ಷರ. ಮೇಲೆ ಅಪ್ಪನ ಹೆಸರು. ಕೆಳಗೆ: ಎಡಗೈ. ಕಂಬಳಿ ಎಡ ಹೆಗಲ ಮೇಲೆ. ಗಾಡಿ ಮಂಡಿಯ ಕಂಬದ ಹತ್ತಿರ. ಮಂಡಿಯ ಯಜಮಾನರು ಈಗಲೂ ಇದ್ದಾರೆ, ಹೋಗಿ ಕೇಳಬೇಕು. ಅದರ ಕೆಳಗೆ ಎರಡು ಸಲ ಅಡಿಗೆರೆ ಎಳೆದು: ಮಗಳು, ಎರಡು ವರ್ಷ.

ಸತ್ತವನ ಹೆಸರು, ಅವನನ್ನು ಗುರುತು ಹಿಡಿಯುವ ಸಾಕ್ಷಿ, ವಾರಸುದಾರಳ ವಯಸ್ಸು. ಇಂಥ ಕಾಗದವನ್ನು ನಾನು ವಾರಕ್ಕೆ ಹತ್ತು ಟೈಪ್ ಮಾಡುತ್ತಿದ್ದೆ. ಮೈನರ್ ಮಗಳ ಪಾಲಿಗೆ ಹೇಗೆ ಕತ್ತರಿ ಹಾಕುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ವಾರ ಚಿಕ್ಕಪ್ಪ ಬಂದು ಮಹಡಿಯ ಮೆಟ್ಟಿಲಲ್ಲಿ ಮೇಷ್ಟ್ರ ಜೊತೆ ನಗುನಗುತ್ತ ಮಾತಾಡಿ ಹೋಗಿದ್ದರು. ಕೂಡಿಸಿ ನೋಡಿದೆ, ಎಲ್ಲ ಸರಿಹೋಯಿತು. ಇಪ್ಪತ್ತು ಗುಂಟೆ.

ಮುಂದಿನ ಭಾನುವಾರ ಬೆಳಗಿನ ಮಾರ್ಕೆಟ್ ಬಸ್ಸಿನಲ್ಲಿ ಮೇಷ್ಟ್ರು ಮುಂದೆ, ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದೆ. ಅವರು ಹೂವಿನ ಸಾಲು ದಾಟಿ ಹಿಂದಿನ ಓಣಿಯ ಹಳೆಯ ತರಕಾರಿ ಮಂಡಿಯೊಂದಕ್ಕೆ ಹೋದರು. ಬಾಳೆಎಲೆ ಮಾರುವವಳ ಪಕ್ಕದಲ್ಲಿ ಎಲೆ ಆರಿಸುವವಳ ಹಾಗೆ ನಿಂತು ನೋಡಿದೆ. ಮಂಡಿಯಲ್ಲಿ ಒಬ್ಬ ವಯಸ್ಸಾದ ದಲ್ಲಾಳಿ ಗಲ್ಲಾದ ಹಿಂದೆ ಕೂತಿದ್ದರು. ಮೇಷ್ಟ್ರು ಪುಸ್ತಕ ಬಿಚ್ಚಿ ಏನೋ ಕೇಳಿದರು. ಮುದುಕ ತಲೆಯಾಡಿಸಿದರು, ಎದ್ದರು, ಹೊರಗೆ ಬಂದು ಕಂಬದ ಹತ್ತಿರ ನಿಂತು ಕೈ ತೋರಿಸಿ ಏನೇನೋ ಹೇಳಿದರು. ಸಾಕ್ಷಿಗೆ ಪಾಠ ಹೇಳಿಕೊಡುವುದನ್ನು ನಾನು ನೋಟರಿ ಆಫೀಸಿನ ಮೆಟ್ಟಿಲಲ್ಲಿ ಬೇಕಾದಷ್ಟು ನೋಡಿದ್ದೇನೆ, ಇದೂ ಹಾಗೆಯೇ ಕಂಡಿತು. ಬಾಳೆಎಲೆಯವಳು, "ಏನಕ್ಕ, ತಗೋತೀಯೋ ಬರೀ ಮುಟ್ತೀಯೋ?" ಎಂದಳು. ಒಂದು ಕಟ್ಟು ಎಲೆ ತೆಗೆದುಕೊಂಡು ವಾಪಸಾದೆ.

ಅಂದು ಸಂಜೆಯೇ ಮೆಟ್ಟಿಲ ಕೆಳಗೆ ಅವರನ್ನು ನಿಲ್ಲಿಸಿದೆ.

"ಮೇಷ್ಟ್ರೇ, ರೂಮು ಖಾಲಿ ಮಾಡಿ."

"ಏನಾತ್ರಿ ಅಕ್ಕಾರ?"

"ಕಾರಣ ಹೇಳ್ಬೇಕು ಅಂತ ಅಗ್ರಿಮೆಂಟಲ್ಲಿ ಇಲ್ಲ."

ಅವರ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಮೆತ್ತಿತ್ತು, ಅದನ್ನು ಕೆರೆದುಕೊಳ್ಳುತ್ತ ನಿಂತರು. "ಹಬ್ಬದ ತನಾ ಬಿಡ್ರಿ. ಒಂದು ಕೆಲಸಾ ಉಳದದ."

"ಏನ್ ಕೆಲಸ?"

"ಆಮ್ಯಾಲೆ ಗೊತ್ತಾಗ್ತದ್ರಿ."

ಆಮೇಲೆ ಗೊತ್ತಾಗುತ್ತದೆ ಎಂದವರೆಲ್ಲ ನಮ್ಮ ಮನೆಗೆ ಏನು ಮಾಡಿದ್ದರೆಂದು ನನಗೆ ಗೊತ್ತಿತ್ತು. ಅಮಾವಾಸ್ಯೆಯ ಹಿಂದಿನ ದಿನದವರೆಗೆ ಗಡುವು ಕೊಟ್ಟೆ. ಅಮ್ಮನಿಗೆ ನಿಜ ಹೇಳಲಿಲ್ಲ. ಶಾಲೆಯ ಹತ್ತಿರವೇ ರೂಮು ಸಿಕ್ಕಿತಂತೆ ಎಂದು ಸುಳ್ಳು ಹೇಳಿದೆ. ಅವಳು ಪಾಪ, ದಾರಿಗೆ ಇರಲಿ ಎಂದು ಅವರಿಗೆ ಕಜ್ಜಾಯ ಕಟ್ಟಿಕೊಟ್ಟಳು.

ಮೇಷ್ಟ್ರು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆ ಆಟೋ ಹತ್ತಿದರು. ಹೋಗುವಾಗ ನನ್ನ ಕಡೆ ತಿರುಗಿ ಕೈ ಮುಗಿದರು, ನಾನು ತಲೆಯಾಡಿಸಿದೆ ಅಷ್ಟೇ. ಮೆಟ್ಟಿಲ ಕೆಳಗೆ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಚಪ್ಪಟೆಯ ವಸ್ತುವೊಂದನ್ನು ಬಿಟ್ಟಿದ್ದರು. "ಹಬ್ಬಕ್ಕ ಅವ್ವಾರಿಗೆ ಅಂತ ಹೇಳಿ ಹೋದ್ರು" ಎಂದು ಅಮ್ಮ ಅವರ ಮಾತನ್ನೇ ಅನುಕರಿಸಿ ಹೇಳುತ್ತ ಅದನ್ನು ಒಳಗೆ ತಂದಳು.

ನಾನು ಮೊದಲು ನೋಡಿದ್ದು ಹಿಂಭಾಗವನ್ನು. ಕ್ಯಾನ್ವಾಸಿನ ಹಿಂದೆ ಏನಾದರೂ ಕಾಗದ ಅಡಗಿಸಿದ್ದಾರೆಯೇ, ಕಟ್ಟಿನ ಸಂದಿಯಲ್ಲಿ ಏನಾದರೂ ಇದೆಯೇ ಎಂದು ಬೆರಳು ಹಾಕಿ ತಡಕಿದೆ. ಏನೂ ಇರಲಿಲ್ಲ. ತಿರುಗಿಸಿ ಹಿಡಿದಾಗ ಬಲಮೂಲೆಯಲ್ಲಿ ಹೆಬ್ಬೆಟ್ಟು ಜಾರಿತು. ಬಣ್ಣ ಇನ್ನೂ ಹಸಿಯಾಗಿತ್ತು.

"ಏನಮ್ಮ ಇದು, ಗೋಡೆಗೆ ಸುಣ್ಣ ಹೊಡೆದ ಹಾಗೆ" ಎನ್ನುತ್ತ ಚಿತ್ರವನ್ನು ನಡುಮನೆಯ ಗೋಡೆಗೆ ಒರಗಿಸಿದೆ. ಅಮ್ಮ ಅಡುಗೆಮನೆಯಿಂದ ಒಲೆ ಊದುವ ಕೊಳವೆ ಹಿಡಿದು ಬಂದವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು. ಕೊಳವೆ ಕೈಯಿಂದ ಬಿತ್ತು.

"ನಿಮ್ಮಪ್ಪ" ಎಂದಳು. "ಗಾಡಿ ನಿಲ್ಸ್ಕೊಂಡು ನಿಂತವ್ರೆ."

ನಾನು ಬಗ್ಗಿ ನೋಡಿದೆ. ಎಡಮೂಲೆಯಲ್ಲಿ ಒಂದು ಕಂದು ಮುದ್ದೆ ಗಾಡಿಯಿರಬಹುದು. ಅದರ ಪಕ್ಕದಲ್ಲಿ ಉದ್ದವಾದ ಕಪ್ಪು ಗೀಟೊಂದು ಮನುಷ್ಯನಿರಬಹುದು. ತಲೆಯ ಜಾಗದಲ್ಲಿ ಬಟಾಣಿ ಕಾಳಿನಷ್ಟು ಮಣ್ಣುಬಣ್ಣ. ಕಣ್ಣಿಲ್ಲ, ಮೂಗಿಲ್ಲ, ಮೀಸೆಯಿಲ್ಲ.

"ಮುಖಾನೇ ಇಲ್ವಲ್ಲಮ್ಮ."

"ಮುಖ ಯಾರೇ ನೋಡಿದ್ರು? ಕೋಳಿ ಕೂಗೋಕ್ ಮುಂಚೆ ಗಾಡಿ ಕಟ್ಟೋರು, ದೀಪ ಹಚ್ಚೋ ಹೊತ್ಗೆ ಬರೋರು. ನಾನ್ ನೋಡಿದ್ದೇ ಹಿಂಗೆ. ಮುಖ ನಂಗೆ ಮರ್ತೋಗಿ ಎಷ್ಟೋ ವರ್ಷ ಆಯ್ತು ಕಣಮ್ಮ, ಯಾರಿಗೂ ಹೇಳಿಲ್ಲ. ನಿಂತ್ಕೊಳ್ಳೋದ್ ಮಾತ್ರ ಮರ್ತಿಲ್ಲ. ಚಕ್ರದ ನಡುವಿರೋ ಗುಂಬದ ಮೇಲೆ ಒಂದ್ ಕಾಲಿಟ್ಟು, ಹಿಂಗೆ, ನೋಡು."

ನಾನು ಒಪ್ಪಲಿಲ್ಲ. ಚಿತ್ರದಲ್ಲಿ ತಪ್ಪು ಹುಡುಕಲು ಶುರುಮಾಡಿದೆ. "ಅಪ್ಪನ ಎಡಗೈಯಲ್ಲಿ ಯಾವಾಗ್ಲೂ ಬಾರುಕೋಲು ಇರ್ತಿತ್ತು ಅಂತೀಯ. ಎಲ್ಲಿದೆ? ಈ ಮನುಷ್ಯ ಸುಮ್ನೆ ಕೈ ಮೇಲಕ್ಕೆತ್ಕೊಂಡು ನಿಂತಿದ್ದಾನೆ. ಇದ್ಯಾರೋ ಬೇರೆಯವರು."

"ಇಲ್ಲಿಂದ ನೋಡು ಬಾ" ಎಂದಳು ಅಮ್ಮ.

"ಅಲ್ಲಿಂದ ನೋಡಿದ್ರೆ ಬಾರುಕೋಲು ಬಂದ್ಬಿಡುತ್ತಾ?"

ಆ ದಿನ ಅವಳು ಮತ್ತೆ ಕರೆಯಲಿಲ್ಲ. ಮಾರನೇ ದಿನ ಎಡೆಯ ಮುಂದೆ ಕಲಶದ ಪಕ್ಕದಲ್ಲಿ ಚಿತ್ರ ಇಟ್ಟು, ಎಲ್ಲರ ಫೋಟೋಗೆ ಇಡುವ ಹಾಗೆ ಹಣೆಯ ಜಾಗ ಹುಡುಕಿ ಕುಂಕುಮ ಒತ್ತಿದಳು. ಹಸಿ ಬಣ್ಣಕ್ಕೆ ಕುಂಕುಮ ಕಚ್ಚಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಹಬ್ಬ ಮುಗಿದ ಮೇಲೆ ಧೂಳು ಕೂರುತ್ತದೆಂದು ಆ ಹಬ್ಬದ ಪಂಚೆಯಲ್ಲೇ ಚಿತ್ರವನ್ನು ಸುತ್ತಿ ಟ್ರಂಕಿನಲ್ಲಿಟ್ಟಳು. ವರ್ಷಕ್ಕೊಂದು ದಿನ ಮಾತ್ರ ಹೊರಗೆ ತೆಗೆಯುತ್ತಿದ್ದಳು.

ಹಬ್ಬದ ಮರುವಾರ ನಾನು ಮತ್ತೆ ಮಾರ್ಕೆಟ್ಟಿಗೆ ಹೋದೆ. ತಪ್ಪು ಒಪ್ಪಿಕೊಳ್ಳಲು ಅಲ್ಲ, ಕೊನೆಯ ಸಾಕ್ಷಿಯನ್ನೂ ವಿಚಾರಿಸಿಬಿಡೋಣ ಎಂದು. ಮಂಡಿಯ ಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಂತು, "ಆ ಡ್ರಾಯಿಂಗ್ ಮೇಷ್ಟ್ರು ನಿಮ್ಮ ಹತ್ರ ಯಾವ ಕಾಗದಕ್ಕೆ ಸಹಿ ಕೇಳಿದ್ರು?" ಎಂದೆ. ಮುದುಕ ನನ್ನ ಕಾಲನ್ನು ನೋಡಿದರು, ಮುಖ ಆಮೇಲೆ ನೋಡಿದರು.

"ನೀನು ಬಿಳೇಕಹಳ್ಳಿ ಗಾಡಿಯವ್ರ ಮಗಳಲ್ವೇನಮ್ಮ?" ಎಂದರು. "ಸಹಿಯೂ ಇಲ್ಲ, ಏನೂ ಇಲ್ಲ. ಆರು ಭಾನುವಾರ ಬಂದ್ರು. ನಿಮ್ಮಪ್ಪ ಹೆಂಗ್ ನಿಲ್ತಿದ್ರು, ನಿಂತು ತೋರ್ಸಿ ಅಂತ ಪ್ರಾಣ ತಿಂದ್ರು. ಈ ವಯಸ್ಸಲ್ಲಿ ನನ್ನ ಕಂಬಕ್ಕೆ ಒರಗ್ಸಿ ನಿಲ್ಲಿಸ್ಬಿಟ್ರು."

ನಾನು ಕಾಲು ಕೆಳಗಿಳಿಸಿದೆ.

ಅಲ್ಲಿಂದ ನೇರ ಶಾಲೆಗೆ ಹೋದೆ. ಮೇಷ್ಟ್ರು ಕೆಲಸ ಬಿಟ್ಟು ಊರಿಗೆ ಹೋದರೆಂದು ಅದೇ ವಾಚ್‌ಮನ್ ಹೇಳಿದ. ಊರಿನ ವಿಳಾಸ ನನ್ನ ಬಳಿ ಇತ್ತು, ತಾಲ್ಲೂಕಿನ ಸಮೇತ. ಆಫೀಸಿನಲ್ಲಿ ಕೂತು ಕ್ಷಮಾಪಣೆಯ ಕಾಗದ ಟೈಪ್ ಮಾಡಿದೆ. ಓದಿ ನೋಡಿದರೆ ವಕೀಲರ ನೋಟಿಸಿನ ಹಾಗಿತ್ತು, ಹರಿದು ಹಾಕಿದೆ. ಕೈಯಲ್ಲಿ ಬರೆದೆ, ನಾಲ್ಕೇ ಸಾಲು. ಕಳಿಸಿದೆ. ಉತ್ತರ ಬರಲಿಲ್ಲ. ನಾನಾಗಿದ್ದರೂ ಬರೆಯುತ್ತಿರಲಿಲ್ಲ. ಎರಡು ವರ್ಷದ ನಂತರ ಚಿಕ್ಕಪ್ಪ ಆ ಇಪ್ಪತ್ತು ಗುಂಟೆಗೆ ಕೇಸು ಹಾಕಿದರು. ನನ್ನ ಅನುಮಾನ ಸುಳ್ಳಾಗಿರಲಿಲ್ಲ, ಮನುಷ್ಯನನ್ನು ಮಾತ್ರ ತಪ್ಪಾಗಿ ಆರಿಸಿಕೊಂಡಿದ್ದೆ. ಮೇಷ್ಟ್ರನ್ನು ಓಡಿಸಿದ್ದು ನಾನೇ ಎಂದು ಅಮ್ಮನಿಗೆ ಕೊನೆಗೂ ಹೇಳಲಿಲ್ಲ. ಮೇಷ್ಟ್ರು ಯಾಕೆ ಒಂದು ಕಾಗದವನ್ನೂ ಹಾಕುವುದಿಲ್ಲ ಎಂದು ಅವಳು ಕೇಳಿದಾಗಲೆಲ್ಲ ಬೇರೆ ಮಾತು ತೆಗೆಯುತ್ತಿದ್ದೆ.

ಇಷ್ಟಾದರೂ ನನ್ನೊಳಗಿನ ಟೈಪಿಸ್ಟ್ ಪೂರ್ತಿ ಸೋಲಲಿಲ್ಲ. ಮೇಷ್ಟ್ರು ಒಳ್ಳೆಯವರು, ಒಪ್ಪಿದೆ. ಆದರೆ ಚಿತ್ರದಲ್ಲಿರುವುದು ಅಪ್ಪ ಹೌದೋ ಅಲ್ಲವೋ? ಪ್ರತಿ ಹಬ್ಬಕ್ಕೂ ಎಲೆ ಹಾಕುವಾಗ, ಮುದ್ದೆ ಇಡುವಾಗ, ಬೀಡಿ ಕಟ್ಟು ಇಡುವಾಗ ಚಿತ್ರದ ಮುಂದೆ ಮಂಡಿಯೂರಿ ಅಪ್ಪನನ್ನು ಹುಡುಕುತ್ತಿದ್ದೆ. ಬಾರುಕೋಲಿಲ್ಲದ ಆ ಕೈ ನನ್ನನ್ನು ತಡೆಯುತ್ತಿತ್ತು. ಅಮ್ಮ ಹಿತ್ತಲಿನಿಂದ ಕೆಮ್ಮಿ ಬಂದು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡುತ್ತಿದ್ದಳು. "ಇಲ್ಲಿಂದ ನೋಡು ಬಾ" ಎಂದು ವರ್ಷಕ್ಕೊಮ್ಮೆ ಕರೆಯುತ್ತಿದ್ದಳು. ನಾನು ಮುಂಬಾಗಿಲಿನಿಂದ ಬಂದವಳು ಎಲೆ ಎತ್ತುವ, ನೆಂಟರಿಗೆ ಬಡಿಸುವ ಅವಸರದಲ್ಲಿ, "ಇರಮ್ಮ, ಬರ್ತೀನಿ" ಎನ್ನುತ್ತಿದ್ದೆ.

ಮಾರ್ಕೆಟ್ ಮೇಲೆ ಫ್ಲೈಓವರ್ ಬಂತು. ಮಂಡಿಯ ಮುದುಕ ತೀರಿಕೊಂಡರೆಂದು ಯಾರೋ ಹೇಳಿದರು. ಬಿಳೇಕಹಳ್ಳಿಯಲ್ಲಿ ನಮ್ಮ ಮನೆಯ ಮೂರೂ ಕಡೆ ಅಪಾರ್ಟ್‌ಮೆಂಟು ಎದ್ದವು. ನಾನು ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಹಿಡಿದೆ. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅಮ್ಮ ಹೋದಳು.

ಆ ವರ್ಷದ ಹಬ್ಬಕ್ಕೆ ಎಡೆಯ ಮುಂದೆ ಇಬ್ಬರಿದ್ದರು. ಅಮ್ಮನ ಓಟರ್ ಕಾರ್ಡಿನ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದೆ. ಪ್ರತಿಯೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟ, ಆದರೂ ಅದರಲ್ಲಿ ಅಮ್ಮ ಎಲ್ಲಿದ್ದಾಳೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಪಂಚೆ ಬಿಚ್ಚಿ ಚಿತ್ರ ಇಟ್ಟೆ. ದೀಪ ಹಚ್ಚಿದೆ. ಮುಂಬಾಗಿಲು ಮುಚ್ಚಿದೆ. ಜಗಲಿಯಲ್ಲಿ ನಿಲ್ಲಲು ಹೋದವಳಿಗೆ ಆಗ ಹೊಳೆಯಿತು, ಈಗ ಮನೆಯ ಹಿರಿತಲೆ ನಾನೇ, ಕೆಮ್ಮಿ ಬಾಗಿಲು ತೆಗೆಯಬೇಕಾದವಳು ನಾನೇ. ಹಿತ್ತಲಿಗೆ ಸುತ್ತಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾದೆ. ಆಮೇಲೆ ಕೆಮ್ಮಿ, ಅಡುಗೆಮನೆಯ ಬಾಗಿಲು ತೆಗೆದು, ಒಳಗೆ ನಡೆದು, ನಡುಮನೆಯ ಹೊಸ್ತಿಲಿಗೆ ಬಂದೆ.

ಎದುರಿಗೆ ಚೌಕವಿತ್ತು. ಮುದ್ದೆಗಳೆಲ್ಲ ಕೂಡಿಕೊಂಡು ಕಟ್ಟಡ ಎದ್ದಿತ್ತು, ಅದರ ಹಿಂದೆ ಮಿನಾರುಗಳು, ಮುಂದೆ ಮಂಜು, ಜನ, ಎತ್ತುಗಳ ಬೆನ್ನು. ಎಡಕ್ಕೆ ಕಂಬದ ಹತ್ತಿರ ಗಾಡಿ. ಒಬ್ಬ ಉದ್ದನೆಯ ಮನುಷ್ಯ ಚಕ್ರದ ಗುಂಬದ ಮೇಲೆ ಕಾಲಿಟ್ಟು, ಎಡ ಹೆಗಲಲ್ಲಿ ಕಂಬಳಿ ಹಾಕಿಕೊಂಡು, ನಾನು ನಿಲ್ಲುವ ಹಾಗೆಯೇ ನಿಂತಿದ್ದ. ಗಾಡಿಯಲ್ಲಿ ಮೂಟೆಗಳು. ಮೂಟೆಗಳ ಮೇಲೆ ಉಗುರಿನಷ್ಟಗಲ ಹಳದಿ. ಹತ್ತಿರದಿಂದ ನಾನದನ್ನು ಎಷ್ಟೋ ಸಲ ನೋಡಿದ್ದೆ, ಕುಂಚದಿಂದ ಜಾರಿ ಬಿದ್ದ ಬಣ್ಣ ಎಂದುಕೊಂಡಿದ್ದೆ. ಮೇಷ್ಟ್ರು ಪುಸ್ತಕದಲ್ಲಿ ಎರಡು ಸಲ ಅಡಿಗೆರೆ ಎಳೆದದ್ದು ಈ ಹಳದಿ ಲಂಗಕ್ಕೆ.

ಅಪ್ಪನ ಎಡಗೈಯಲ್ಲಿ ಬಾರುಕೋಲು ಇರಲಿಲ್ಲ. ಆ ಕೈ ಮೂಟೆಯ ಮೇಲಿಂದ ಬೀಳದ ಹಾಗೆ ನನ್ನನ್ನು ಹಿಡಿದುಕೊಂಡಿತ್ತು.

ಅಮ್ಮನಿಗೆ ಇದು ಮೊದಲ ದಿನವೇ ಕಂಡಿತ್ತು. ಒಂಬತ್ತು ಹಬ್ಬ ಅವಳು ನನ್ನನ್ನು ಕರೆದಿದ್ದಳು. ಗೋಡೆಯಿಂದ ಹೊಸ್ತಿಲಿಗೆ ಹತ್ತು ಹೆಜ್ಜೆ ಇರಬಹುದು, ನಾನು ಹೋಗಿರಲಿಲ್ಲ.